ಬಂಡೆಯ ಸದ್ದಿಗೆ ಕಿವಿಗೊಟ್ಟು

ಯಳಂದೂರಿನ ಗೌರೇಶ್ವರ ದೇವಾಲಯದ ಬಳೆ ಮಂಟಪದಲ್ಲಿ ಕಲ್ಲಿನ ಬಳೆಗಳ ಸರಪಳಿ ಇದೆ. ಒಂದೇ ಬಂಡೆಯಲ್ಲಿ ಒಂದರೊಳಗೊಂದು ಬಿಡಿಸಿದ ಬಳೆಗಳು. ಒಳಗಿನ ಬಿರುಕನ್ನು ಮೊದಲೇ ಅರಿಯದೆ ಈ ಕೆಲಸ ಆಗುವುದಿಲ್ಲ. ಕುಟಿಗ ಸುತ್ತಿಗೆಯಿಂದ ತಟ್ಟುತ್ತಾನೆ, ಕಿವಿಗೊಡುತ್ತಾನೆ, ಆಮೇಲೆ ಉಳಿ ಇಡುತ್ತಾನೆ.

ಅದೇ ಪರೀಕ್ಷೆಯನ್ನು ಕೊಳ್ಳೇಗಾಲದ ದಾರಿಯಲ್ಲಿ ಒಂದು ಕಲ್ಲುಕ್ವಾರಿಯೊಳಗೆ ಮತ್ತೆ ಕಂಡೆ. ಹಿರಿಯ ಕೆಲಸಗಾರರೊಬ್ಬರು ಗೋಡೆಯಂಥ ಬಂಡೆಗೆ ಹಾರೆಯಿಂದ ತಟ್ಟಿದರು. ‘ಕಲ್ಲೇ ಹೇಳ್ತದ ಸಾ. ಕಣಕಣ ಅಂದ್ರ ಗಟ್ಟಿ, ಡೊಬ್ ಅಂದ್ರ ಒಳಗ ಬಿಟ್ಕಂಡದ’ ಎಂದರು. ಡೊಬ್ ಎಂದ ಚೂರನ್ನು ಮೇಲಿನಿಂದಲೇ ಕೆಡವಿದ ಮೇಲಷ್ಟೇ ಉಳಿದವರು ಕೆಳಗಿಳಿದರು.

ಕ್ವಾರಿಯಲ್ಲಿ ಮೊದಲು ನೋಡಬೇಕಾದದ್ದು ಬಂಡೆಯನ್ನು ಹಂತಹಂತವಾಗಿ ಕಡಿದ ಮೆಟ್ಟಿಲು. 1961ರ ಲೋಹ ಗಣಿ ನಿಯಮಾವಳಿಯಂತೆ, ವಿಶೇಷ ಅನುಮತಿ ಇಲ್ಲದೆ 6 ಮೀಟರ್‌ಗಿಂತ ಎತ್ತರದ ಮೆಟ್ಟಿಲು ಕಡಿಯುವಂತಿಲ್ಲ. ಅಂಚಿನಿಂದ 3 ಮೀಟರ್ ಒಳಗೆ ಸಡಿಲ ಕಲ್ಲು, ಮರ ಇರಕೂಡದು. ಬಂಡೆಯ ಬುಡ ಕೊರೆದು ಮೇಲ್ಭಾಗವನ್ನು ತೂಗುಬಿಡುವುದಂತೂ ಸಾವನ್ನು ಕರೆದಂತೆ. ಮಳೆ ಬಂದ ಮರುದಿನ ಬಿರುಕಿನೊಳಗೆ ನೀರಿಳಿದಿರುತ್ತದೆ. ನಿನ್ನೆ ಗಟ್ಟಿಯಿದ್ದದ್ದು ಇಂದು ಗಟ್ಟಿಯಲ್ಲ. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಬಿಸಲವಾಡಿಯಲ್ಲಿ ಕ್ವಾರಿ ಕುಸಿದು ಕೂಲಿಕಾರರು ಸತ್ತರು. ಒಂದೇ ಜಿಲ್ಲೆ, ಒಂದೇ ವರ್ಷ.

ಎರಡನೆಯದು ದೂಳು. ಒಣಕಲ್ಲಿಗೆ ಜ್ಯಾಕ್‌ಹ್ಯಾಮರ್ ಇಟ್ಟರೆ ಏಳುವ ಸಣ್ಣ ದೂಳು ಶ್ವಾಸಕೋಶದ ತಳಕ್ಕಿಳಿದು ಸಿಲಿಕೋಸಿಸ್ ತರುತ್ತದೆ. ಬಂದ ಮೇಲೆ ವಾಸಿಯಾಗದ ಕಾಯಿಲೆ ಇದು. ಕೊರೆಯುವಾಗ ನೀರು ಹಾಯಿಸಿದರೆ ದೂಳು ಅಲ್ಲೇ ಕೆಸರಾಗಿ ಕೂರುತ್ತದೆ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಲದು.

ಕೊಳ್ಳೇಗಾಲ ದಾಟಿ ಭರಚುಕ್ಕಿ ಜಲಪಾತಕ್ಕೆ ಬಂದೆ. ಕಾವೇರಿಯ ಇನ್ನೊಂದು ಕವಲಿನಾಚೆ, ಗಗನಚುಕ್ಕಿಯ ಕಡೆ, ಶಿವನಸಮುದ್ರದ ವಿದ್ಯುದಾಗಾರ. 1902ರ ಜೂನ್ 30ರಂದು ಇಲ್ಲಿಂದ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿ (ಕೆಜಿಎಫ್) ಮುಟ್ಟಿತು. ನಮ್ಮ ಹೊಳೆಯ ಬಲದಿಂದ ಆ ಸುರಂಗಗಳು 3 ಕಿಲೋಮೀಟರ್‌ಗೂ ಮಿಕ್ಕಿ ಆಳಕ್ಕಿಳಿದವು. ಅಷ್ಟು ಆಳದಲ್ಲಿ ಒತ್ತಡ ತಾಳದ ಬಂಡೆ ತಾನಾಗಿಯೇ ಸಿಡಿಯುತ್ತಿತ್ತು. ಭೂಕಂಪನ ಮಾಪಕಗಳಿಂದ ಆ ಸಿಡಿತವನ್ನು ಗುರುತಿಸುವ ವಿದ್ಯೆ ಅಲ್ಲೂ ಬೆಳೆಯಿತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಹುಟ್ಟಿದ್ದೂ ಕೆಜಿಎಫ್‌ನಲ್ಲೇ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ಸಹ ಅಲ್ಲಿಂದಲೇ, 1947ರಲ್ಲಿ.

ಕ್ವಾರಿಯಲ್ಲಿ ಓಡಲು ಬಯಲಿದೆ. ಸುರಂಗದಲ್ಲಿ ಸೂರೂ ಬಂಡೆ, ಗೋಡೆಯೂ ಬಂಡೆ, ದಾರಿ ಒಂದೇ. ಸಿಡಿಮದ್ದಿನ ಹೊಗೆ ಪೂರ್ತಿ ಹೋಗಬೇಕು, ಸೂರಿನ ಸಡಿಲ ಕಲ್ಲು ಕೆಡವಬೇಕು, ಆಸರೆ ಕೊಡಬೇಕು, ಆಮೇಲೆ ಆಳುಗಳನ್ನು ಬಿಡಬೇಕು. ಉತ್ತರಾಖಂಡದ ಸಿಲ್ಕ್ಯಾರಾದಲ್ಲಿ 2023ರ ನವೆಂಬರ್ 12ರಂದು ಸುರಂಗ ಕುಸಿದಾಗ ಒಳಗಿದ್ದ 41 ಮಂದಿಗೆ ಹೊರಬರಲು ಬೇರೆ ದಾರಿಯೇ ಇರಲಿಲ್ಲ. 17ನೇ ದಿನ ಅವರು ಬದುಕಿ ಬಂದರು. ಯಂತ್ರ ಮುರಿದು ನಿಂತಲ್ಲಿ ಕೊನೆಯ ಕೆಲವು ಮೀಟರ್‌ಗಳನ್ನು ಕೈಯಿಂದಲೇ ತೋಡಿದವರೂ ಕೂಲಿಕಾರರೇ.

ಸಂಜೆ ಹನೂರಿನ ಬಸ್ ನಿಲ್ದಾಣ. ಈ ಸೀಮೆಯ ಮಳೆನಂಬಿದ ಹೊಲಗಳು ಕೈಕೊಟ್ಟಾಗ ಜನ ಗಂಟುಮೂಟೆ ಕಟ್ಟಿ ದೂರದ ಊರುಗಳಿಗೆ ದುಡಿಯಲು ಹೋಗುತ್ತಾರೆ. ಕೂಲಿ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ಅಪಾಯ ಎಷ್ಟು ಎಂದು ಕೇಳುವುದಿಲ್ಲ. ಅಪಾಯದ ಲೆಕ್ಕವನ್ನು ಕಚೇರಿಯ ಕಡತದಲ್ಲಿ ವರ್ಷಕ್ಕೊಮ್ಮೆ ಬರೆದಿಟ್ಟರೆ ಯಾರ ಜೀವವೂ ಉಳಿಯದು. ಪ್ರತಿ ಬೆಳಿಗ್ಗೆ, ಪ್ರತಿ ಸ್ಫೋಟದ ನಂತರ, ಬಂಡೆಯ ಎದುರಿಗೇ ಅದು ನಡೆಯಬೇಕು. ‘ಇವತ್ತು ಇಳಿಯುವುದಿಲ್ಲ’ ಎಂದವನ ಕೂಲಿ ಕಡಿಯಬಾರದು.

ಕಲ್ಲಿನ ಕೆಲಸಕ್ಕೆ, ಸುರಂಗದ ಕೆಲಸಕ್ಕೆ ಹೊರಟ ಅಣ್ಣತಮ್ಮಂದಿರೇ, ಕೂಲಿಯ ಜೊತೆಗೆ ಇದನ್ನೂ ಮೇಸ್ತ್ರಿಯನ್ನು ಕೇಳಿ: ಇವತ್ತು ಬಂಡೆಯನ್ನು ತಟ್ಟಿ ನೋಡಿದವರು ಯಾರು? ಉತ್ತರ ಸಿಗುವ ತನಕ ಕೆಳಗಿಳಿಯಬೇಡಿ.