ತಲೆನೋವಿನಿಂದ ಉಸಿರಿನ ಕಡೆಗೆ

ರಂಗೂನಿನ ವ್ಯಾಪಾರಿ ಸತ್ಯನಾರಾಯಣ ಗೋಯೆಂಕಾ ಅವರಿಗೆ 1955ರಲ್ಲಿ ಮೂವತ್ತೊಂದು ವರ್ಷ. ಮಾಂಡಲೆಯಲ್ಲಿ ಹುಟ್ಟಿ ಬೆಳೆದ ಮಾರವಾಡಿ ಮನೆತನದ ತರುಣ. ಅಷ್ಟು ಸಣ್ಣ ವಯಸ್ಸಿಗೇ ಹಣ, ಹೆಸರು, ವರ್ತಕರ ನಡುವೆ ಮುಂದಾಳುತನ ಎಲ್ಲವೂ ಒಲಿದಿದ್ದವು. ಅವುಗಳ ಜೊತೆಗೆ ಅರೆತಲೆನೋವೂ ಬಂದಿತ್ತು. ನೋವು ತಡೆಯಲಾಗದೆ ಆಗಾಗ ಮಾರ್ಫಿನ್ ಚುಚ್ಚಿಸಿಕೊಳ್ಳಬೇಕಾಗುತ್ತಿತ್ತು. ಕಾಯಿಲೆಗಿಂತ ಮದ್ದಿನ ಚಟವೇ ದೊಡ್ಡದಾದೀತೆಂಬ ಭಯದಿಂದ ಯುರೋಪು, ಅಮೆರಿಕ, ಜಪಾನುಗಳ ವೈದ್ಯರನ್ನೆಲ್ಲ ಕಂಡು ಬಂದದ್ದಾಯಿತು. ನೋವು ಮಾತ್ರ ಹೋಗಲಿಲ್ಲ.

ಆಗ ಗೆಳೆಯರೊಬ್ಬರು ಊ ಬಾ ಖಿನ್ ಎಂಬ ಧ್ಯಾನಗುರುವಿನ ಹೆಸರು ಹೇಳಿದರು. ಗೋಯೆಂಕಾ ಹೋಗಿ ತಮ್ಮ ಕಷ್ಟ ಹೇಳಿಕೊಂಡರು. ಗುರುಗಳು ಕಲಿಸಲು ಒಪ್ಪಲಿಲ್ಲ. ತಲೆನೋವು ಕಳೆದುಕೊಳ್ಳಲು ಬರುವುದಾದರೆ ಬರಬೇಡಿ, ಇಷ್ಟು ದೊಡ್ಡ ವಿದ್ಯೆಯನ್ನು ಅಷ್ಟು ಚಿಕ್ಕ ಕೆಲಸಕ್ಕೆ ಬಳಸುವುದು ಅದಕ್ಕೆ ಮಾಡುವ ಅವಮಾನ. ಮನಸ್ಸಿನ ಕೊಳೆ ತೊಳೆಯುವ ಆಸೆಯಿದ್ದರೆ ಬನ್ನಿ, ತಲೆನೋವು ಹೋದರೆ ಅದು ಜೊತೆಗೆ ಬಂದ ಲಾಭ ಎಂಬುದು ಅವರ ಮಾತಿನ ಸಾರ. ಸಂಪ್ರದಾಯಸ್ಥ ಹಿಂದೂ ಮನೆಯ ಗೋಯೆಂಕಾ ಅವರಿಗೆ ಬೌದ್ಧರ ಬಳಿ ಕಲಿಯುವ ಅಳುಕೂ ಇತ್ತು. ತಿಂಗಳುಗಟ್ಟಲೆ ಯೋಚಿಸಿ, ಕೊನೆಗೆ ಆ ವರ್ಷದ ಸೆಪ್ಟೆಂಬರಿನಲ್ಲಿ ಹತ್ತು ದಿನದ ಶಿಬಿರಕ್ಕೆ ಸೇರಿದರು. ಎರಡನೆಯ ದಿನವೇ ಓಡಿಹೋಗಲು ಗಂಟು ಕಟ್ಟಿದ್ದರಂತೆ. ಜೊತೆಯ ಸಾಧಕಿಯೊಬ್ಬರು ಇನ್ನೊಂದು ದಿನ ನೋಡಿ ಎಂದು ತಡೆದರು. ತಲೆನೋವೂ ಹೋಯಿತು, ಮಾರ್ಫಿನ್ನೂ ಹೋಯಿತು.

ಧ್ಯಾನದಿಂದ ಏನು ಪ್ರಯೋಜನ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಈ ಕಥೆಯ ಎರಡು ತುದಿಗಳನ್ನೂ ಗಮನಿಸಬೇಕು. ನೋವು ಹೋದದ್ದು ನಿಜ. ನೋವಿಗಾಗಿ ಬರಬೇಡ ಎಂದು ಗುರು ಹೇಳಿದ್ದೂ ನಿಜ.

ಊ ಬಾ ಖಿನ್ ಕಾವಿ ಉಟ್ಟ ಸನ್ಯಾಸಿಯಲ್ಲ. ಹೆಂಡತಿ ಮಕ್ಕಳಿದ್ದ ಸರಕಾರಿ ನೌಕರ. ಗುಮಾಸ್ತೆಯಾಗಿ ಸೇರಿ, ಬರ್ಮಾ ಸ್ವತಂತ್ರವಾದ 1948ರಲ್ಲಿ ಆ ದೇಶದ ಮೊದಲ ಅಕೌಂಟೆಂಟ್ ಜನರಲ್ ಆದವರು. ಹಗಲು ಲೆಕ್ಕಪತ್ರ, ಉಳಿದ ಹೊತ್ತು ಧ್ಯಾನ. ತಮ್ಮ ಕಚೇರಿಯ ನೌಕರರಿಗೂ ಕಲಿಸಿ, 1952ರಲ್ಲಿ ರಂಗೂನಿನಲ್ಲಿ ಒಂದು ಧ್ಯಾನಕೇಂದ್ರವನ್ನೇ ತೆರೆದರು. ಅವರಿಗೆ ಕಲಿಸಿದ ಸಯಾ ಥೆಟ್‌ಜೀ ಒಬ್ಬ ರೈತ. ಆ ರೈತನಿಗೆ ಕಲಿಸಿದವರು ಮಾತ್ರ ಭಿಕ್ಷು: ಲೇಡಿ ಸಯಾಡೊ, 1846ರಲ್ಲಿ ಹುಟ್ಟಿ 1923ರಲ್ಲಿ ತೀರಿಕೊಂಡ ಮಹಾವಿದ್ವಾಂಸರು.

ವಿಹಾರದೊಳಗಿನ ವಿದ್ಯೆ ರೈತನ ಮನೆಗೆ ಬಂದದ್ದಕ್ಕೆ ಒಂದು ರಾಜಕೀಯ ಕಾರಣವೂ ಇದೆ. 1885ರಲ್ಲಿ ಬ್ರಿಟಿಷರು ಮಾಂಡಲೆಯನ್ನು ಗೆದ್ದು ದೊರೆ ಥೀಬಾನನ್ನು ಸೆರೆಹಿಡಿದರು. ಕೊಂಕಣ ಕರಾವಳಿಯ ರತ್ನಾಗಿರಿಯಲ್ಲಿ ಅವನನ್ನು ಸಾಯುವವರೆಗೂ ಇರಿಸಿದರು. ದೊರೆಯೇ ಇಲ್ಲವೆಂದ ಮೇಲೆ ಧರ್ಮಕ್ಕೆ ಆಸರೆ ಯಾರು? ಜನರೇ ಅದನ್ನು ಉಳಿಸಿಕೊಳ್ಳಬೇಕು ಎಂದು ಕಂಡುಕೊಂಡವರಲ್ಲಿ ಲೇಡಿ ಸಯಾಡೊ ಮುಖ್ಯರು. ಊರೂರು ತಿರುಗಿ ಗೃಹಸ್ಥರಿಗೆ ಶಾಸ್ತ್ರವನ್ನೂ ಧ್ಯಾನವನ್ನೂ ಹೇಳಿಕೊಟ್ಟರು. ಇಂದು ಜಗತ್ತಿನ ಎಷ್ಟೋ ಊರುಗಳಲ್ಲಿ ಸಾಮಾನ್ಯರು ಕಣ್ಣುಮುಚ್ಚಿ ಉಸಿರು ನೋಡುತ್ತ ಕೂರುವುದರ ಹಿಂದೆ ಒಂದು ರಾಜ್ಯ ಮುಳುಗಿದ ಕಥೆಯಿದೆ ಎಂದರೆ ಅಚ್ಚರಿಯಾಗಬಹುದು.

ಆ ವಿದ್ಯೆ ಭಾರತಕ್ಕೆ ಬಂದದ್ದು ಗೋಯೆಂಕಾ ಅವರ ಮೂಲಕ. 1960ರ ದಶಕದಲ್ಲಿ ಬರ್ಮಾದ ಸೇನಾ ಸರಕಾರ ಉದ್ಯಮಗಳನ್ನು ರಾಷ್ಟ್ರೀಕರಿಸಿದಾಗ ಅವರ ಆಸ್ತಿಯೆಲ್ಲ ಹೋಯಿತು. ಅದರಿಂದ ಧ್ಯಾನಕ್ಕೆ ಬಿಡುವು ಸಿಕ್ಕಿತೆಂದೇ ಅವರು ಭಾವಿಸಿದರು. 1969ರಲ್ಲಿ ಭಾರತಕ್ಕೆ ಬಂದು ಮುಂಬಯಿಯ ಧರ್ಮಶಾಲೆಯೊಂದರಲ್ಲಿ ಹತ್ತಾರು ಮಂದಿಗೆ ಮೊದಲ ಶಿಬಿರ ನಡೆಸಿದರು. 1976ರಲ್ಲಿ ನಾಸಿಕ ಜಿಲ್ಲೆಯ ಇಗತ್‌ಪುರಿಯಲ್ಲಿ ‘ಧಮ್ಮಗಿರಿ’ ಕೇಂದ್ರ ಶುರುವಾಯಿತು. 2013ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಇಂಥ ಕೇಂದ್ರಗಳು ಬೆಂಗಳೂರೂ ಸೇರಿದಂತೆ ದೇಶ ವಿದೇಶಗಳಲ್ಲಿ ಹಬ್ಬಿದ್ದವು.

ಈ ವಿದ್ಯೆ ನಿಜವಾದ ಪರೀಕ್ಷೆಗೆ ಒಳಗಾದದ್ದು ಸೆರೆಮನೆಗಳಲ್ಲಿ. 1975ರಲ್ಲಿ ಜೈಪುರದ ಕೇಂದ್ರ ಕಾರಾಗೃಹದಲ್ಲಿ ಮೊದಲ ಶಿಬಿರ ನಡೆದಾಗ ಕೆಲವು ಕೈದಿಗಳ ಕಾಲಿಗೆ ಬೇಡಿಯಿತ್ತು. ಬೇಡಿ ಬಿಚ್ಚದೆ ಕಲಿಸುವುದಿಲ್ಲ ಎಂದು ಗೋಯೆಂಕಾ ಪಟ್ಟುಹಿಡಿದು ಬಿಚ್ಚಿಸಿದರು. 1993ರಲ್ಲಿ ದೆಹಲಿಯ ತಿಹಾರ್ ಜೈಲಿನ ಮುಖ್ಯಸ್ಥೆಯಾಗಿದ್ದ ಕಿರಣ್ ಬೇಡಿ ಅಲ್ಲಿಯೂ ಶಿಬಿರ ಏರ್ಪಡಿಸಿದರು. ಮರುವರ್ಷ ಏಪ್ರಿಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ಕುಳಿತರು. ಈ ಪ್ರಯೋಗದ ಬಗೆಗಿನ ಸಾಕ್ಷ್ಯಚಿತ್ರದಲ್ಲಿ ಕೈದಿಗಳು ಹತ್ತು ದಿನ ಮುಗಿದ ಮೇಲೆ ಬಿಕ್ಕಿ ಅಳುವುದನ್ನು, ಜೈಲಿನ ಸಿಬ್ಬಂದಿಯನ್ನು ತಬ್ಬಿಕೊಳ್ಳುವುದನ್ನು ಕಾಣಬಹುದು. ಎಲ್ಲರೂ ಬದಲಾದರೆಂದು ಹೇಳುವುದು ಅತಿಯಾದೀತು. ಆದರೆ ಹಗೆ ತೀರಿಸಿಕೊಳ್ಳುವ ಲೆಕ್ಕದಲ್ಲೇ ದಿನ ದೂಡುವವನಿಗೆ, ಸಿಟ್ಟು ಏಳುತ್ತಿರುವುದು ತನಗೇ ಗೊತ್ತಾಗುವ ಆ ಒಂದು ಕ್ಷಣ ಸಿಕ್ಕಿದರೂ ಅದು ಸಣ್ಣ ಸಂಗತಿಯಲ್ಲ.

ವಿಜ್ಞಾನ ಏನು ಹೇಳುತ್ತದೆ? ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಆನಂದ್, ಛೀನಾ, ಬಲದೇವ್ ಸಿಂಗ್ ಅವರು ಧ್ಯಾನಸ್ಥ ಯೋಗಿಗಳ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ 1961ರಲ್ಲೇ ಪ್ರಕಟಿಸಿದ್ದರು. ಹೊರಗಿನ ಸದ್ದು, ಬೆಳಕುಗಳಿಗೆ ಆ ಅಲೆಗಳು ಕದಡದಿದ್ದುದು ಅವರು ಕಂಡ ವಿಶೇಷ. 1979ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಅವರು ಔಷಧಕ್ಕೆ ಬಗ್ಗದ ನೋವಿನ ರೋಗಿಗಳಿಗೆ ಧ್ಯಾನ ಕಲಿಸತೊಡಗಿದರು. ಅಲ್ಲಿಂದ ಸಂಶೋಧನೆಗಳ ಮಹಾಪೂರವೇ ಬಂತು. ಎಲ್ಲವೂ ನಂಬಿಕೆಗೆ ಅರ್ಹವಲ್ಲ. ಒಳ್ಳೆಯ 47 ಪ್ರಯೋಗಗಳನ್ನು ಆರಿಸಿ, ಸುಮಾರು ಮೂರೂವರೆ ಸಾವಿರ ಜನರ ಮಾಹಿತಿಯನ್ನು ತೂಗಿ ನೋಡಿದ 2014ರ ಅಮೆರಿಕನ್ ವಿಮರ್ಶೆಯೊಂದು ಹದವಾದ ಮಾತು ಹೇಳಿತು. ಆತಂಕ, ಖಿನ್ನತೆ, ನೋವು ಇವುಗಳಲ್ಲಿ ಸಾಧಾರಣ ಮಟ್ಟದ ಇಳಿಕೆ ಕಾಣುತ್ತದೆ. ಆದರೆ ಔಷಧಕ್ಕಿಂತ, ವ್ಯಾಯಾಮಕ್ಕಿಂತ ಧ್ಯಾನವೇ ಮೇಲು ಎನ್ನಲು ಆಧಾರವಿಲ್ಲ. ಸಕ್ಕರೆ ಕಾಯಿಲೆಯಿಂದ ಕ್ಯಾನ್ಸರಿನವರೆಗೆ ಎಲ್ಲವನ್ನೂ ಧ್ಯಾನ ವಾಸಿಮಾಡುತ್ತದೆಂದು ಸಾರುವವರ ಮಾತನ್ನು ಬಾಗಿಲಾಚೆ ಇಡುವುದೇ ಒಳ್ಳೆಯದು. ರಕ್ತದೊತ್ತಡದ ಮಾತ್ರೆಯನ್ನು ವೈದ್ಯರ ಮಾತಿಲ್ಲದೆ ನಿಲ್ಲಿಸಬಾರದು. ತೀವ್ರ ಮಾನಸಿಕ ಕಾಯಿಲೆ ಇದ್ದವರಿಗೆ ದೀರ್ಘ ಮೌನಶಿಬಿರ ತೊಂದರೆಯನ್ನೇ ತರಬಹುದು. ಶಿಬಿರದ ಅರ್ಜಿಯಲ್ಲಿ ಆ ಬಗ್ಗೆ ಕೇಳುವುದು ಸುಮ್ಮನೆ ಅಲ್ಲ.

ಹಾಗಾದರೆ ಶುರುಮಾಡುವುದು ಹೇಗೆ? ಮೊದಲ ಮೆಟ್ಟಿಲಿಗೆ ಪಾಳಿಯಲ್ಲಿ ‘ಆನಾಪಾನ’ ಎನ್ನುತ್ತಾರೆ. ಒಳಬರುವ, ಹೊರಹೋಗುವ ಉಸಿರು ಎಂದಷ್ಟೇ ಅದರ ಅರ್ಥ. ಬೆಳಗ್ಗೆ ಹಾಲಿನವನು ಬರುವುದಕ್ಕೆ ಮುಂಚಿನ ಹೊತ್ತು ಹಿತ. ಮೊಬೈಲು ಬೇರೆ ಕೋಣೆಯಲ್ಲಿರಲಿ. ಚಾಪೆಯ ಮೇಲೊಂದು ದಿಂಬು ಹಾಕಿಕೊಂಡು ಚಕ್ಕಳಮಕ್ಕಳ ಕುಳಿತರೆ ಸಾಕು, ಪದ್ಮಾಸನವೇ ಆಗಬೇಕೆಂದಿಲ್ಲ. ಮಂಡಿನೋವಿನವರು ಕುರ್ಚಿಯಲ್ಲಿ ಕೂರಬಹುದು. ಬೆನ್ನು, ಕತ್ತು ನೆಟ್ಟಗಿರಬೇಕು, ಸೆಟೆದಿರಬಾರದು. ಕಣ್ಣು ಮುಚ್ಚಿ, ಮೂಗಿನ ಹೊಳ್ಳೆಗಳ ಬಳಿ ಗಾಳಿ ತಾಗಿ ಹೋಗುವ ಜಾಗದಲ್ಲಿ ಗಮನ ಇಡಬೇಕು.

ಇಲ್ಲಿ ಹೊಸಬರು ಮಾಡುವ ಮೊದಲ ತಪ್ಪು ಉಸಿರನ್ನು ತಿದ್ದಲು ಹೋಗುವುದು. ಇದು ಪ್ರಾಣಾಯಾಮವಲ್ಲ. ಎಣಿಸುವುದಿಲ್ಲ, ಬಿಗಿಹಿಡಿಯುವುದಿಲ್ಲ, ಮಂತ್ರವನ್ನೂ ಜೋಡಿಸುವುದಿಲ್ಲ. ದೀರ್ಘವಾಗಿ ಬಂದರೆ ದೀರ್ಘ, ಗಿಡ್ಡವಾಗಿ ಬಂದರೆ ಗಿಡ್ಡ. ಊರಬಾಗಿಲಲ್ಲಿ ಕುಳಿತ ಕಾವಲುಗಾರ ಬರುವವರನ್ನೂ ಹೋಗುವವರನ್ನೂ ನೋಡುತ್ತಾನೆಯೇ ಹೊರತು ಅವರ ಹಿಂದೆ ಹೋಗುವುದಿಲ್ಲವಲ್ಲ, ಹಾಗೆ.

ನಾಲ್ಕು ಉಸಿರು ಕಳೆಯುವುದರೊಳಗೆ ಮನಸ್ಸು ಜಾರುತ್ತದೆ. ಕರೆಂಟ್ ಬಿಲ್ಲು, ಮಗಳ ಮದುವೆ, ಹತ್ತು ವರ್ಷದ ಹಿಂದೆ ಯಾರೋ ಆಡಿದ ಮಾತಿಗೆ ಕೊಡಬೇಕಾಗಿದ್ದ ಉತ್ತರ. ಐದು ನಿಮಿಷವಾದ ಮೇಲೆ ‘ಅಯ್ಯೋ, ಉಸಿರು ಮರೆತೆ’ ಎಂದು ಹೊಳೆಯುತ್ತದೆ. ಬಹಳ ಜನ ಇಲ್ಲಿಗೇ ‘ಇದು ನನ್ನಿಂದಾಗದು’ ಎಂದು ಎದ್ದುಬಿಡುತ್ತಾರೆ. ಆದರೆ ಹಾಗೆ ಹೊಳೆದದ್ದೇ ಅಭ್ಯಾಸ. ಬೇಸರಿಸಿಕೊಳ್ಳದೆ, ತನ್ನನ್ನು ತಾನೇ ಗದರಿಸಿಕೊಳ್ಳದೆ, ಮತ್ತೆ ಉಸಿರಿಗೆ ಮರಳಬೇಕು. ನೂರು ಸಲ ಓಡಿದರೆ ನೂರು ಸಲ ಕರೆತರಬೇಕು. ಎಳೆಗರುವನ್ನು ಗೂಟಕ್ಕೆ ಅಭ್ಯಾಸ ಮಾಡಿಸುವವರಿಗೆ ಈ ಕೆಲಸದ ಸ್ವರೂಪ ಗೊತ್ತಿರುತ್ತದೆ.

ಮೊದಲ ವಾರ ಹತ್ತು ನಿಮಿಷ ಸಾಕು. ಅದು ಗಟ್ಟಿಯಾದ ಮೇಲೆ ಇಪ್ಪತ್ತು, ಅರ್ಧ ಗಂಟೆ. ಕಾಲು ಜೋಮು ಹಿಡಿದರೆ ಮೆಲ್ಲಗೆ ಬದಲಿಸಬಹುದು. ತೂಕಡಿಕೆ ಬಂದರೆ ಕಣ್ಣಿಗೆ ನೀರು ಹಾಕಿಕೊಂಡು ಬಂದು ಕೂರಬೇಕು, ಅಥವಾ ಒಂದೆರಡು ನಿಮಿಷ ಉಸಿರನ್ನು ತುಸು ಜೋರಾಗಿ ಆಡಿಸಬೇಕು. ಊಟವಾದ ಕೂಡಲೇ ಕುಳಿತವರಿಗೆ ಸಿಗುವುದು ನಿದ್ದೆಯೊಂದೇ. ಬಣ್ಣ, ಬೆಳಕು, ನಾದ ಏನೇ ಕಂಡರೂ ಕೇಳಿದರೂ ಅದು ಸಾಧನೆಯ ಗುರುತಲ್ಲ. ಏನೂ ಕಾಣದಿದ್ದರೆ ಕೊರತೆಯೂ ಅಲ್ಲ. ದಿನಾ ಎದ್ದು ‘ಇವತ್ತು ಎಷ್ಟು ಶಾಂತಿ ಸಿಕ್ಕಿತು’ ಎಂದು ಅಳೆಯುವವರಿಗೆ ತಿಂಗಳೊಪ್ಪತ್ತಿನಲ್ಲಿ ಬೇಸರ ಬರುವುದು ಖಂಡಿತ. ಊ ಬಾ ಖಿನ್ ಆ ತರುಣ ವ್ಯಾಪಾರಿಯನ್ನು ಹಿಂದಕ್ಕೆ ಕಳಿಸಿದ್ದರ ಹಿಂದೆ ಇಂಥದೇ ವ್ಯವಹಾರಜ್ಞಾನ ಇದ್ದಿರಬೇಕು. ಲಾಭದ ಮೇಲೆ ಕಣ್ಣಿಟ್ಟು ಕುಳಿತವನು ಉಸಿರಿನ ಮೇಲೆ ಕಣ್ಣಿಡಲಾರ.

ಮುಂದಿನ ಮೆಟ್ಟಿಲಾದ ವಿಪಶ್ಯನವನ್ನು, ಅಂದರೆ ಮೈಯ ಮೇಲೆ ಏಳುವ ಉರಿ, ತುರಿಕೆ, ನೋವು, ಜುಮ್ಮೆನ್ನುವಿಕೆಗಳನ್ನು ತಲೆಯಿಂದ ಕಾಲಿನವರೆಗೆ ಪ್ರತಿಕ್ರಿಯೆಯಿಲ್ಲದೆ ನೋಡುತ್ತ ಹೋಗುವುದನ್ನು, ಪುಸ್ತಕ ಓದಿ ಕಲಿಯುವುದು ಸರಿಯಲ್ಲ. ಅದಕ್ಕೆ ಹತ್ತು ದಿನದ ಶಿಬಿರವೇ ಬೇಕು. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ ಬಾರಿಸುತ್ತದೆ. ಮಾತು, ಓದು, ಬರಹ, ಫೋನು ಯಾವುದೂ ಇಲ್ಲ. ಮೊದಲ ಮೂರು ದಿನ ಬರೀ ಉಸಿರು, ನಾಲ್ಕನೆಯ ದಿನ ವಿಪಶ್ಯನ, ಹತ್ತನೆಯ ದಿನ ಎಲ್ಲರಿಗೂ ಒಳಿತು ಬಯಸುವ ಮೈತ್ರಿಭಾವನೆ. ಕಲಿಕೆಗೆ, ಊಟಕ್ಕೆ, ವಸತಿಗೆ ಶುಲ್ಕವಿಲ್ಲ. ಶಿಬಿರ ಪೂರೈಸಿದವರು ಮುಂದೆ ಬರುವವರಿಗಾಗಿ ಇಷ್ಟವಿದ್ದರೆ ಇಷ್ಟವಿದ್ದಷ್ಟು ಕೊಡಬಹುದು. ಪೂರೈಸದವರಿಂದ ಹಣ ತೆಗೆದುಕೊಳ್ಳುವುದಿಲ್ಲ. ಎರಡನೆಯ ದಿನ ಗಂಟು ಕಟ್ಟುವವರು ಅಲ್ಲಿ ಈಗಲೂ ಇರುತ್ತಾರೆ. ಇನ್ನೊಂದು ದಿನ ನೋಡಿ ಎಂದು ಅವರಿಗೆ ಹೇಳುವವರೂ ಇರುತ್ತಾರೆ.