ಹಳೆಯ ಲೇಸರಿನ ನಾಡೀಪರೀಕ್ಷೆ

ಪ್ರಯೋಗಶಾಲೆಯಲ್ಲಿ ಬೆಳಕಿನ ವ್ಯತಿಕರಣವನ್ನು ಅಭ್ಯಸಿಸಿದ ವಿದ್ಯಾರ್ಥಿಗಳಿಗೆ ಹೀಲಿಯಂ-ನಿಯಾನ್ ಲೇಸರಿನ ಪರಿಚಯವಿರಬಹುದು. ೧೯೬೦ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಅಲಿ ಜವಾನ್, ಬೆನೆಟ್, ಹೆರಿಯಟ್ ಎಂಬ ವಿಜ್ಞಾನಿಗಳು ರಚಿಸಿದ ಮೊದಲ ಅನಿಲ ಲೇಸರು ಕಣ್ಣಿಗೆ ಕಾಣದ ಅವರಕ್ತ ಕಿರಣವನ್ನು ಬೀರಿತು. ೬೩೨.೮ ನ್ಯಾನೊಮೀಟರ್ ತರಂಗದೂರದ ಕೆಂಪು ಕಿರಣ ದೊರೆತದ್ದು ೧೯೬೨ರಲ್ಲಿ. ಇಂತಹ ಉಪಕರಣ ಹಳತಾಗಿ ಒಂದು ದಿನ ಬೆಳಗದೆ ಹೋದರೆ, 'ನಳಿಕೆ ಸತ್ತಿದೆ' ಎಂದು ಕಪಾಟಿಗೆ ಸೇರಿಸುವುದು ವಾಡಿಕೆ. ಹೊಸ ನಳಿಕೆಯ ಬೆಲೆಯೋ ಚಿಕ್ಕ ಕಾಲೇಜಿಗೆ ಭಾರವೇ ಸರಿ. ಆದರೆ ನಳಿಕೆಯ ಮೇಲಿನ ಈ ತೀರ್ಪು ಅನೇಕ ವೇಳೆ ಅವಸರದ್ದೆಂದು ನನ್ನ ಅಭಿಪ್ರಾಯ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳು ಕಡಲ ಮಗ್ಗುಲಿನ ಊರುಗಳು. ಮಳೆಗಾಲದಲ್ಲಿ ಭರಣಿಯ ಉಪ್ಪು ನೀರಾಗಿ, ಪುಸ್ತಕಕ್ಕೆ ಬೂಷ್ಟು ಹಿಡಿಯುವ ಹವೆ ನಮ್ಮದು. ಲೇಸರು ನಡೆಯಲು ಸಾವಿರದಿಂದ ಎರಡು ಸಾವಿರ ವೋಲ್ಟು ಬೇಕು. ಹೊತ್ತಿಕೊಳ್ಳುವ ಕ್ಷಣದಲ್ಲಿ ಅದರ ಹಲವು ಮಡಿ. ಉಪ್ಪಿನಂಶದ ಧೂಳು ತೇವವನ್ನು ಹೀರಿ ತಂತಿಯ ಕೀಲುಗಳ ಮೇಲೆ ಕುಳಿತಿತೆಂದರೆ ವಿದ್ಯುತ್ತು ಆ ಮೇಲ್ಮೈಯಲ್ಲೇ ಸೋರಿಹೋಗುತ್ತದೆ. ಆಗ 'ಸುಸ್' ಎಂಬ ಸದ್ದು ಕೇಳಿಬರುವುದು. ಕತ್ತಲೆಯಲ್ಲಿ ನೇರಳೆ ಮಿನುಗೂ ಕಾಣುವುದುಂಟು. ಸೋರಿಕೆ ಹೊರಗಿರುವಾಗ ನಳಿಕೆಯನ್ನು ದೂರಿ ಫಲವೇನು? ಆ ಭಾಗಗಳನ್ನು ಸ್ಪಿರಿಟ್ಟಿನಿಂದ ಒರಸಿ, ಪೂರ್ಣವಾಗಿ ಒಣಗಿಸಿ ನೋಡುವುದೇ ಮೊದಲ ಚಿಕಿತ್ಸೆ.

ಇಲ್ಲೊಂದು ಎಚ್ಚರಿಕೆ. ಗುಂಡಿ ಆರಿಸಿದ ಮೇಲೂ ಪೆಟ್ಟಿಗೆಯೊಳಗಿನ ಕೆಪಾಸಿಟರುಗಳು ಪ್ರಾಣಾಪಾಯಕರವಾದ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಬಲ್ಲ ಅಧ್ಯಾಪಕರು ಅದನ್ನು ರೋಧಕದ ಮೂಲಕ ಹರಿಯಗೊಟ್ಟು, ಮಾಪಕದಿಂದ ಪರೀಕ್ಷಿಸುವವರೆಗೆ ವಿದ್ಯಾರ್ಥಿಗಳು ಅದನ್ನು ಮುಟ್ಟಲಾಗದು.

ನಳಿಕೆ ಹೊತ್ತಿ ಹೊತ್ತಿ ಆರುತ್ತಿದ್ದರೆ ಕಾರಣ ಬೇರೆ. ಅನಿಲದಲ್ಲಿ ಪ್ರವಾಹ ಹೆಚ್ಚಿದಂತೆ ನಳಿಕೆಯ ವೋಲ್ಟೇಜು ಇಳಿಯುತ್ತದೆ, ಓಮನ ನಿಯಮಕ್ಕೆ ತೀರ ವಿರುದ್ಧವಾಗಿ! ಅಂಕೆಯಿಲ್ಲದ ಈ ಪ್ರವಾಹಕ್ಕೆ ಕಡಿವಾಣವಾಗಿ ಸುಮಾರು ೭೫,೦೦೦ ಓಮಿನ ರೋಧಕವನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಈ ರೋಧಕ ಮುಪ್ಪಾಗಿ ಅದರ ಬೆಲೆ ಏರಿದರೂ, ಊರಿನ ವಿದ್ಯುತ್ತು ೨೩೦ ವೋಲ್ಟಿಗಿಂತ ಬಹಳ ಕುಸಿದರೂ, ಬೇಕಾದ ಐದಾರು ಮಿಲಿಆಂಪಿಯರ್ ದೊರೆಯದೆ ವಿಸರ್ಜನೆ ಕಡಿಯುತ್ತದೆ.

ವಿಸರ್ಜನೆ ಸ್ಥಿರವಾಗಿದ್ದೂ ಕಿರಣ ಮಂಕಾಗಿದ್ದರೆ ಮಾತ್ರ ಅನಿಲವನ್ನು ಶಂಕಿಸಬೇಕು. ನಳಿಕೆಯ ಪಕ್ಕದ ಹೊಳಪನ್ನು ವರ್ಣಪಟಲದರ್ಶಕದಲ್ಲಿ ನೋಡಿರಿ. ಕಿರಣದ ನೇರಕ್ಕೆ ಮಾತ್ರ ಕಣ್ಣಿಡಬೇಡಿರಿ. ಸುಸ್ಥಿತಿಯ ನಳಿಕೆಯ ಹೊಳಪು ಕಿತ್ತಳೆ ಬೆರೆತ ನಸುಗೆಂಪು. ಅದು ನೇರಳೆಗೆ ತಿರುಗಿ, ನೈಟ್ರೋಜನ್ನಿನ ಪಟ್ಟಿಗಳು ತೋರಿದರೆ ಗಾಳಿ ಒಳಹೊಕ್ಕಿದೆಯೆಂದೇ ಅರ್ಥ. ನಮ್ಮ ಕೈಯಲ್ಲಿ ಅದಕ್ಕೆ ಮದ್ದಿಲ್ಲ. ಹಾಗಾಗದೆ, ಹೀಲಿಯಮ್ಮಿನ ೫೦೧.೬ ನ್ಯಾನೊಮೀಟರಿನ ಹಸಿರು ಗೆರೆ ಒಳ್ಳೆಯ ನಳಿಕೆಯದಕ್ಕಿಂತ ಕ್ಷೀಣವಾಗಿದ್ದರೆ ಆಸೆಯುಂಟು.

ಎಲೆಕ್ಟ್ರಾನುಗಳಿಂದ ಶಕ್ತಿ ಪಡೆದು ಅದನ್ನು ನಿಯಾನಿಗೆ ದಾಟಿಸುವುದು ಹೀಲಿಯಮ್ಮಿನ ಕೆಲಸ. ಕನ್ನಡಿಗಳನ್ನು ಅಂಟಿನಿಂದ ಕೂಡಿಸಿದ ಹಳೆಯ ನಳಿಕೆಗಳಲ್ಲಿ ಅದು ಆ ಅಂಟಿನ ಮೂಲಕ ಹೊರಬೀಳುತ್ತದೆ. ಹೊರಗೆ ೭೬೦ ಮಿಲಿಮೀಟರ್ ಪಾದರಸದ ಒತ್ತಡ, ಒಳಗೆ ಬರಿಯ ಎರಡು ಮೂರು. ಆದರೂ ಅನಿಲ ಹೊರಕ್ಕೆ ಹರಿಯುವುದೆಂತು? ಪ್ರತಿ ಅನಿಲವೂ ತನ್ನ ಆಂಶಿಕ ಒತ್ತಡವನ್ನಷ್ಟೇ ಗಣಿಸುತ್ತದೆ. ವಾಯುಮಂಡಲದಲ್ಲಿ ಹೀಲಿಯಮ್ಮಿನ ಪಾಲು ಸುಮಾರು ೦.೦೦೪ ಮಿಲಿಮೀಟರ್ ಮಾತ್ರ. ಹೀಗಾಗಿ ಹೀಲಿಯಮ್ಮಿಗೆ ನಮ್ಮ ಗಾಳಿಯೇ ನಿರ್ವಾತ!

ಚಿಕಿತ್ಸೆಯೂ ಇದರಲ್ಲೇ ಅಡಗಿದೆ. ತಂತಿಗಳನ್ನು ಬಿಚ್ಚಿದ ನಳಿಕೆಯನ್ನು ಶುದ್ಧ ಹೀಲಿಯಂ ತುಂಬಿದ ಚೀಲದಲ್ಲಿಟ್ಟರೆ ಹರಿವು ತಿರುಗುಮುರುಗಾಗಿ, ಹೋದ ದಾರಿಯಲ್ಲೇ ಅನಿಲ ಮರಳುತ್ತದೆ. (ಕೋಟೇಶ್ವರದ ಕೊಡಿಹಬ್ಬದ ಬಲೂನು ನೆನಪಾದೀತು, ಜಾತ್ರೆಯ ಬಲೂನುಗಳಲ್ಲಿ ಹೊತ್ತಿ ಉರಿಯುವ ಹೈಡ್ರೋಜನ್ ಇರುವುದೂ ಉಂಟು, ಅದು ಬೇಡ.) ಇದಕ್ಕೆ ಹಲವು ದಿನ, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ನಡುನಡುವೆ ನಳಿಕೆಯನ್ನು ಹೊರತೆಗೆದು ಕಿರಣದ ಪ್ರಖರತೆಯನ್ನು ಅಳೆಯುತ್ತ, ಏರಿಕೆ ನಿಂತೊಡನೆ ಚಿಕಿತ್ಸೆಯನ್ನೂ ನಿಲ್ಲಿಸತಕ್ಕದ್ದು. ಹೀಲಿಯಂ ಮಿತಿಮೀರಿದರೂ ಕಿರಣ ಮತ್ತೆ ಕುಂದುತ್ತದೆ.