ಎಥನಾಲ್ ಇಲ್ಲದ ಪೆಟ್ರೋಲ್: ದೂರಪಯಣದ ಬೈಕುಗಳಿಗೆ ಎಷ್ಟು ಅಗತ್ಯ?

ಭಾರತದ ಬಂಕುಗಳಲ್ಲಿ ಇಂದು ಸಾಮಾನ್ಯ ಪೆಟ್ರೋಲ್ ಎಂದು ದೊರೆಯುವುದು ವಾಸ್ತವದಲ್ಲಿ ಒಂದು ಮಿಶ್ರಣ. ಕಾಕಂಬಿ, ಕಬ್ಬಿನ ರಸ, ಮೆಕ್ಕೆಜೋಳ, ನುಚ್ಚಕ್ಕಿ ಮೊದಲಾದವನ್ನು ಹುದುಗಿಸಿ ಬಟ್ಟಿ ಇಳಿಸಿ ಪಡೆಯುವ ಎಥನಾಲ್ ಎಂಬ ಮದ್ಯಸಾರವನ್ನು ಅದರಲ್ಲಿ ಬೆರೆಸಲಾಗುತ್ತದೆ. 2014ರಲ್ಲಿ ನೂರಕ್ಕೆ ಒಂದೂವರೆಯಷ್ಟಿದ್ದ ಈ ಬೆರಕೆಯ ಪ್ರಮಾಣ 2022ರ ಜೂನ್ ವೇಳೆಗೆ ಹತ್ತಕ್ಕೂ, 2025ರಲ್ಲಿ ಇಪ್ಪತ್ತಕ್ಕೂ ಏರಿತು. ಶೇ. 20 ಎಥನಾಲ್ ಇರುವ ಈ ಇಂಧನಕ್ಕೆ ಇ20 ಎಂದು ಹೆಸರು. 2023ರ ಫೆಬ್ರವರಿ 6ರಂದು ಅದರ ಮಾರಾಟಕ್ಕೆ ಪ್ರಧಾನಿ ಚಾಲನೆ ನೀಡಿದ್ದು ಬೆಂಗಳೂರಿನಲ್ಲಿಯೇ. ಕಚ್ಚಾತೈಲದ ಆಮದಿಗೆ ತೆರುವ ವಿದೇಶಿ ವಿನಿಮಯ ಉಳಿಯುವುದು ಮತ್ತು ಕಬ್ಬು, ಮೆಕ್ಕೆಜೋಳ ಬೆಳೆಯುವ ರೈತರಿಗೆ ಇನ್ನೊಂದು ಮಾರುಕಟ್ಟೆ ತೆರೆಯುವುದು ಈ ನೀತಿಯ ಮುಖ್ಯ ಸಮರ್ಥನೆಗಳು. ಆದರೆ ನೂರಾರು ಕಿಲೋಮೀಟರ್ ದೂರವನ್ನು ಸಾಮಾನು ಹೇರಿಕೊಂಡು ಕ್ರಮಿಸುವ ಟೂರಿಂಗ್ ಬೈಕುಗಳ ಸವಾರರಲ್ಲಿ ಅನೇಕರು ಎಥನಾಲ್ ಇಲ್ಲದ ಪೆಟ್ರೋಲನ್ನೇ ಹುಡುಕುತ್ತಾರೆ. ಈ ಹುಡುಕಾಟ ಎಷ್ಟು ಸಮಂಜಸ ಎಂಬುದು ಎಥನಾಲಿನ ಗುಣಗಳನ್ನೂ ಬೈಕಿನ ವಯಸ್ಸನ್ನೂ ಒಟ್ಟಿಗೆ ನೋಡಿದಾಗ ಮಾತ್ರ ತಿಳಿಯುತ್ತದೆ.

ಮೊದಲನೆಯದು ಶಕ್ತಿಯ ಪ್ರಶ್ನೆ. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಅಷ್ಟೇ ಪೆಟ್ರೋಲಿನಲ್ಲಿರುವುದಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ; ಆದ್ದರಿಂದ ಬೆರಕೆ ಹೆಚ್ಚಿದಷ್ಟೂ ಮೈಲೇಜ್ ತಗ್ಗುವುದು ಸಹಜ. ಶುದ್ಧ ಪೆಟ್ರೋಲಿಗೆಂದು ರೂಪುಗೊಂಡು ಶೇ. 10ರ ಮಿಶ್ರಣಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಇ20ಯಿಂದ ಶೇ. 3ರಿಂದ 4ರಷ್ಟು ಮೈಲೇಜ್ ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು. ಊರೊಳಗಿನ ಓಡಾಟದಲ್ಲಿ ಗಮನಕ್ಕೂ ಬಾರದ ಈ ನಷ್ಟ ದೂರದ ದಾರಿಯಲ್ಲಿ ಲೆಕ್ಕಕ್ಕೆ ಬರುತ್ತದೆ. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯ ತಾಂಡಿ ಎಂಬಲ್ಲಿನ ಬಂಕಿನಲ್ಲಿ, ಮುಂದಿನ ಬಂಕು 365 ಕಿಲೋಮೀಟರ್ ದೂರದಲ್ಲಿದೆ ಎಂಬ ಫಲಕ ದೀರ್ಘಕಾಲ ಸವಾರರನ್ನು ಎಚ್ಚರಿಸುತ್ತಿತ್ತು. ಹೊರೆಯೊಡನೆ ಲೀಟರಿಗೆ 25 ಕಿಲೋಮೀಟರ್ ಓಡುವ, 15 ಲೀಟರ್ ಟ್ಯಾಂಕಿನ ಬೈಕು ಒಮ್ಮೆ ತುಂಬಿಸಿದರೆ 375 ಕಿಲೋಮೀಟರ್ ಸಾಗಬೇಕು, ಶೇ. 4 ಕಳೆದರೆ ಅದು 360ಕ್ಕೆ ನಿಲ್ಲುತ್ತದೆ. ಆ ದಾರಿಯಲ್ಲಿ ಕ್ಯಾನಿನಲ್ಲಿ ಹೆಚ್ಚುವರಿ ಪೆಟ್ರೋಲ್ ಒಯ್ಯುವ ರೂಢಿಗೆ ಇಂಥ ಸಣ್ಣ ಅಂತರಗಳೇ ಕಾರಣ.

ಎರಡನೆಯದು ಗಾಳಿ ಮತ್ತು ಇಂಧನದ ಅನುಪಾತ. ಒಂದು ಕಿಲೋ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ, ತನ್ನೊಳಗೇ ಆಮ್ಲಜನಕವನ್ನು ಹೊಂದಿರುವ ಎಥನಾಲಿಗೆ 9 ಕಿಲೋ ಸಾಕು. ಇ20ಗೆ ಬೇಕಾಗುವುದು ಸುಮಾರು 13.5 ಕಿಲೋ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಸೆನ್ಸರ್ ಮೂಲಕ ಅಳೆದು ಇಂಧನವನ್ನು ಚಿಮ್ಮಿಸುವ ಫ್ಯೂಯಲ್ ಇಂಜೆಕ್ಷನ್ ಬೈಕುಗಳು ಈ ವ್ಯತ್ಯಾಸವನ್ನು ತಾವೇ ಒಂದು ಮಿತಿಯವರೆಗೆ ಸರಿದೂಗಿಸಿಕೊಳ್ಳುತ್ತವೆ. ಹಳೆಯ ಕಾರ್ಬ್ಯುರೇಟರಿಗೆ ಆ ತಿಳಿವಳಿಕೆಯಿಲ್ಲ. ಜೆಟ್ ಎಂಬ ಅದರ ಸೂಕ್ಷ್ಮ ರಂಧ್ರದ ಅಳತೆ ಎಷ್ಟೋ ಅಷ್ಟೇ ಇಂಧನ ಹರಿಯುವುದರಿಂದ ಮಿಶ್ರಣದಲ್ಲಿ ಗಾಳಿಯ ಪಾಲು ಮಿಗಿಲಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಆಕ್ಸಿಲರೇಟರ್ ತಿರುವಿದಾಗ ತಡವರಿಸುತ್ತದೆ. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಹೆಚ್ಚು ಶಾಖ ಬೇಕಾದುದರಿಂದ ಚಳಿಯ ಮುಂಜಾನೆಗಳಲ್ಲಿ ಬೈಕು ಸ್ಟಾರ್ಟ್ ಆಗಲು ಹಟ ಹಿಡಿಯುವುದೂ ಉಂಟು.

ಮೂರನೆಯದಾದ ನೀರಿನ ಸಮಸ್ಯೆ ಎಲ್ಲಕ್ಕಿಂತ ಹೆಚ್ಚು ಚರ್ಚೆಗೆ ಬಂದಿದೆ ಮತ್ತು ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ತಿಳಿಯಲ್ಪಟ್ಟಿದೆ. ಎಥನಾಲ್ ನೀರಿನೊಡನೆ ಸುಲಭವಾಗಿ ಬೆರೆಯುತ್ತದೆ. ಟ್ಯಾಂಕಿಗೆ ಸೇರಿದ ಕೆಲವು ಹನಿಗಳನ್ನು ಅದು ತನ್ನಲ್ಲಿ ಕರಗಿಸಿಕೊಂಡು ಎಂಜಿನ್ನಿನ ಮೂಲಕ ಸಾಗಹಾಕುವುದರಿಂದ ಅಲ್ಪ ಪ್ರಮಾಣದ ನೀರಿನಿಂದ ತೊಂದರೆಯಿಲ್ಲ. ಆದರೆ ಆ ಸಾಮರ್ಥ್ಯಕ್ಕೆ ಮಿತಿಯಿದೆ. ಶೇ. 10ರ ಮಿಶ್ರಣ 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ತನ್ನ ಗಾತ್ರದ ಶೇ. ಅರ್ಧದಷ್ಟು ನೀರನ್ನು ಮಾತ್ರ ಹಿಡಿದಿಟ್ಟುಕೊಳ್ಳಬಲ್ಲದು. ಇ20ಯ ಮಿತಿ ಇದಕ್ಕಿಂತ ಹೆಚ್ಚು. ಚಳಿ ಏರಿದಂತೆ ಎರಡರ ಮಿತಿಯೂ ಇಳಿಯುತ್ತದೆ. ಮಿತಿ ಮೀರಿದಾಗ ಎಥನಾಲ್ ನೀರಿನ ಜೊತೆಗೂಡಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಮೇಲುಳಿದ ಪೆಟ್ರೋಲ್ ತನ್ನ ಗುಣಮಟ್ಟ ಕಳೆದುಕೊಳ್ಳುತ್ತದೆ, ಎಂಜಿನ್ ಮೊದಲು ಹೀರುವುದು ತಳದ ಪದರವನ್ನೇ. ಗಾಳಿಯ ತೇವದಿಂದ ಇಷ್ಟು ನೀರು ಸೇರಲು ಬಹುಕಾಲ ಬೇಕಾಗುವುದರಿಂದ, ದಿನವೂ ಓಡುವ ಬೈಕಿಗೆ ಈ ಅಪಾಯ ತೀರ ಕಡಿಮೆ; ಅರ್ಧ ತುಂಬಿದ ಟ್ಯಾಂಕಿನೊಡನೆ ಕರಾವಳಿಯ ಅಥವಾ ಮಲೆನಾಡಿನ ಇಡೀ ಮಳೆಗಾಲ ಮೂಲೆಯಲ್ಲಿ ನಿಂತ ಬೈಕಿಗೆ ಅದು ನಿಜವಾದ ಅಪಾಯ.

ನೀರಿನೊಡನೆ ಬೆರೆಯುವ ಇದೇ ಗುಣ ಎಥನಾಲನ್ನು ಪತ್ತೆಹಚ್ಚಲೂ ನೆರವಾಗುತ್ತದೆ. 100 ಮಿಲಿಲೀಟರಿನ ಗಾಜಿನ ಅಳತೆ ಸಿಲಿಂಡರಿನಲ್ಲಿ 10 ಮಿಲಿಲೀಟರ್ ನೀರು ಹಾಕಿ, ಉಳಿದುದನ್ನು ಪೆಟ್ರೋಲಿನಿಂದ ತುಂಬಿಸಿ, ಚೆನ್ನಾಗಿ ಕುಲುಕಿ ಸ್ವಲ್ಪ ಹೊತ್ತು ಬಿಟ್ಟರೆ ಎರಡು ಪದರಗಳು ಕಾಣುತ್ತವೆ. ನೀರಿನ ಗೆರೆ ಹತ್ತರಲ್ಲೇ ಉಳಿದರೆ ಪೆಟ್ರೋಲಿನಲ್ಲಿ ಎಥನಾಲ್ ಇಲ್ಲ. ಇ20 ಆಗಿದ್ದರೆ ಎಥನಾಲ್ ಕೆಳಗಿನ ನೀರಿಗೆ ಸೇರಿ ಗೆರೆ 28ರ ಆಸುಪಾಸಿಗೆ ಏರುತ್ತದೆ. ಬೆಂಕಿಯಿಂದ ದೂರವಿದ್ದು ಬಯಲಿನಲ್ಲಿ ಮಾತ್ರ ಮಾಡಬೇಕಾದ ಪರೀಕ್ಷೆಯಿದು.

ಇನ್ನುಳಿದದ್ದು ಬಿಡಿಭಾಗಗಳ ಬಾಳಿಕೆ. ಎಥನಾಲ್ ಒಳ್ಳೆಯ ದ್ರಾವಕ; ಹಳೆಯ ಬಗೆಯ ರಬ್ಬರ್ ಪೈಪು ಮತ್ತು ವಾಷರುಗಳು ಅದರಲ್ಲಿ ಉಬ್ಬಿ ಬಿರುಕುಬಿಡಬಹುದು, ಟ್ಯಾಂಕಿನಲ್ಲಿ ವರ್ಷಗಳಿಂದ ಅಂಟಿದ್ದ ಕೊಳೆ ಬಿಡಿಸಿಕೊಂಡು ಬಂದು ಫಿಲ್ಟರಿನಲ್ಲಿ ಕಟ್ಟಿಕೊಳ್ಳಬಹುದು. 2023ರ ಏಪ್ರಿಲ್ ನಂತರ ತಯಾರಾದ ವಾಹನಗಳ ಭಾಗಗಳು ಇ20ಯನ್ನು ತಾಳಿಕೊಳ್ಳುವಂತಿರುವುದರಿಂದ ಈ ಆತಂಕ ಮುಖ್ಯವಾಗಿ ಹಳೆಯ ಬೈಕುಗಳದ್ದು.

ಬೇರೆ ದೇಶಗಳು ಹಳೆಯ ವಾಹನಗಳಿಗೆ ಒಂದು ದಾರಿ ಉಳಿಸಿವೆ. ಅಮೆರಿಕದಲ್ಲಿ ಶೇ. 15ರ ಮಿಶ್ರಣವನ್ನು ಮೋಟಾರ್‌ಸೈಕಲ್ಲುಗಳಿಗೆ ಬಳಸುವಂತಿಲ್ಲ. ಅಲ್ಲಿನ ಮಿನ್ನೆಸೋಟ ರಾಜ್ಯ ಎಥನಾಲ್ ಬೆರಕೆಯನ್ನು ಕಡ್ಡಾಯ ಮಾಡಿದ್ದರೂ ಮೋಟಾರ್‌ಸೈಕಲ್, ದೋಣಿ ಮತ್ತು ಹಳೆಯ ಸಂಗ್ರಹಯೋಗ್ಯ ವಾಹನಗಳಿಗೆಂದು ಬೆರಕೆಯಿಲ್ಲದ ಪೆಟ್ರೋಲಿನ ಮಾರಾಟಕ್ಕೆ ಅವಕಾಶ ಕೊಟ್ಟಿದೆ. ಬ್ರಿಟನ್ 2021ರಲ್ಲಿ ಶೇ. 10ರ ಮಿಶ್ರಣಕ್ಕೆ ಬದಲಾದಾಗ ಶೇ. 5ರ ಮಿಶ್ರಣವನ್ನು ದುಬಾರಿ ದರ್ಜೆಯಾಗಿ ಮುಂದುವರಿಸಿತು. ಭಾರತದಲ್ಲಿ ಎಥನಾಲ್ ರಹಿತ ಪೆಟ್ರೋಲಿನ ಆಯ್ಕೆಯನ್ನೂ ಬಂಕುಗಳಲ್ಲಿ ಪ್ರಮಾಣದ ಸ್ಪಷ್ಟ ನಮೂದನ್ನೂ ಕೋರಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾಗೊಳಿಸಿತು.

ಹೀಗಾಗಿ ಇಲ್ಲಿನ ಸವಾರರು ಮೊರೆಹೋಗುವುದು ಇಂಡಿಯನ್ ಆಯಿಲ್ ಸಂಸ್ಥೆ 2020ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ ಎಕ್ಸ್‌ಪಿ 100ರಂಥ, ಎಥನಾಲ್ ಇಲ್ಲದ್ದೆಂದು ಹೆಸರಾದ 100 ಆಕ್ಟೇನ್ ಪೆಟ್ರೋಲಿಗೆ. ಆಕ್ಟೇನ್ ಎಂದರೆ ಒತ್ತಡಕ್ಕೆ ಸಿಲುಕಿದ ಇಂಧನ ಅಕಾಲದಲ್ಲಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣದ ಅಳತೆ; ಹೆಚ್ಚು ಒತ್ತಡದ ಎಂಜಿನ್ನುಗಳಿಗೆ ಅದು ಬೇಕು, ಹಿಮಾಲಯನ್ 411 ಎಂಬ ಹಳೆಯ ಟೂರಿಂಗ್ ಬೈಕಿನದರಂಥ ಸಾಧಾರಣ ಒತ್ತಡದ ಎಂಜಿನ್ನಿಗೆ ಅದರಿಂದ ವಿಶೇಷ ಲಾಭವಿಲ್ಲ. ಲೀಟರಿಗೆ 160 ರೂಪಾಯಿಯ ಆಸುಪಾಸಿನ ಬೆಲೆ ತೆತ್ತು ಶೇ. 4ರಷ್ಟು ಮೈಲೇಜ್ ಗಳಿಸುವುದು ಹಣದ ಲೆಕ್ಕದಲ್ಲಿ ನಷ್ಟವೇ. ಜೊತೆಗೆ ದೊಡ್ಡ ನಗರಗಳ ಕೆಲವೇ ಬಂಕುಗಳಲ್ಲಿ ಸಿಗುವ ಈ ಇಂಧನವನ್ನು ದೂರದ ಹಳ್ಳಿಯ ದಾರಿಯಲ್ಲಿ ನೆಚ್ಚಿಕೊಳ್ಳುವಂತೆಯೂ ಇಲ್ಲ.

ಆದ್ದರಿಂದ 2023ರ ನಂತರದ, ನಿತ್ಯ ಓಡುವ ಬೈಕಿಗೆ ಎಥನಾಲ್ ರಹಿತ ಪೆಟ್ರೋಲ್ ಅನಗತ್ಯ ಖರ್ಚು. ಕಾರ್ಬ್ಯುರೇಟರ್ ಇರುವ ಹಳೆಯ ಬೈಕುಗಳಿಗೆ ಮತ್ತು ತಿಂಗಳುಗಟ್ಟಲೆ ನಿಲ್ಲಿಸಬೇಕಾದ ಬೈಕುಗಳಿಗೆ ಅದು ಉಪಯುಕ್ತ. ಅದು ದೊರೆಯದಿದ್ದರೆ ನಿಲ್ಲಿಸುವ ಮುನ್ನ ಟ್ಯಾಂಕನ್ನು ಪೂರ್ತಿ ತುಂಬಿಸಿ ಕಾರ್ಬ್ಯುರೇಟರಿನ ಬಟ್ಟಲನ್ನು ಬರಿದು ಮಾಡುವುದು, ಹಳೆಯ ರಬ್ಬರ್ ಪೈಪುಗಳನ್ನು ಎಥನಾಲ್ ತಾಳುವಂಥವುಗಳಿಗೆ ಬದಲಿಸುವುದು, ದೂರ ಹೊರಡುವ ಮೊದಲು ಫಿಲ್ಟರ್ ನೋಡಿಸುವುದು ಅಗ್ಗದ ಮತ್ತು ಕೈಗೆಟಕುವ ಉಪಾಯಗಳು. ಬಂಕಿನ ಪಂಪಿನ ಮೇಲೆ ಎಥನಾಲಿನ ಪ್ರಮಾಣವನ್ನು ಸ್ಪಷ್ಟವಾಗಿ ಬರೆಯುವುದಂತೂ ಯಾವ ನೀತಿಗೂ ಅಡ್ಡಿಯಾಗದ ಕೆಲಸ. ಹಣ ಕೊಟ್ಟು ಕೊಳ್ಳುವವನಿಗೆ ಅಷ್ಟನ್ನು ತಿಳಿಯುವ ಹಕ್ಕಿದೆ.